ಓಲೆಯ ಕಟ್ಟು ಮತ್ತು ಸಂಪಾದಕನ ಬಾಳು: ‘ವಚನಶಾಸ್ತ್ರಸಾರ’ವನ್ನು ಕುರಿತು ಒಂದು ವಿಚಾರ

ಒಂದು ಗ್ರಂಥವು ಒಬ್ಬ ಲೇಖಕನ ಜೀವಿತದ ಗತಿಯನ್ನೇ ಬದಲಿಸಿತೆಂಬ ಮಾತು ಸಾಹಿತ್ಯಚರಿತ್ರೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಮಾತೇನೋ ಹಿತವಾಗಿದೆ, ಅದರ ಅರ್ಥವನ್ನು ಮಾತ್ರ ನಾವು ವಿಚಾರಿಸುವುದು ವಿರಳ. ಆ ಗ್ರಂಥವು ಬದಲಿಸಿದ್ದು ಏನನ್ನು? ಹಾಗೆ ಬದಲಾದವನು ತಿರುಗಿ ಆ ಗ್ರಂಥಕ್ಕೆ ಮಾಡಿದ್ದೇನು? ಈ ಎರಡನೆಯ ಪ್ರಶ್ನೆಯನ್ನು ಕೇಳುವವರಂತೂ ಇನ್ನೂ ಕಡಿಮೆ. ದಿವಂಗತ ಫ. ಗು. ಹಳಕಟ್ಟಿಯವರ (೧೮೮೦–೧೯೬೪) ನಿದರ್ಶನವನ್ನು ಮುಂದಿಟ್ಟುಕೊಂಡು ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧

ವಿಚಾರವನ್ನು ಸವದತ್ತಿಯ ಎಲ್ಲಮ್ಮನ ಗುಡ್ಡದ ಬಳಿಯ ಉಗರಗೋಳದಿಂದ ಆರಂಭಿಸುವುದಕ್ಕೆ ಕಾರಣವುಂಟು. ಹುಣ್ಣಿಮೆಯ ದಿನಗಳಲ್ಲಿ ಈ ಊರಿನ ಹಾದಿಯಲ್ಲಿ ಸಾಗುವ ಭಕ್ತರ ನಡುವೆ ಚೌಡಿಕೆಯ ಹಾಡು ಕೇಳಿಬರುತ್ತದೆ. ಆ ಹಾಡಿಗೆ ಹೊತ್ತಗೆಯ ಹಂಗಿಲ್ಲ. ಅದು ಬಾಯಿಂದ ಬಾಯಿಗೆ ನಡೆದು ಬಂದಿದೆ. ಹಾಡುವವರು ಇರುವವರೆಗೆ ಅದೂ ಇರುತ್ತದೆ. ಇದೇ ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಸೀಮೆಯು ಇನ್ನೊಂದು ನೆನಪನ್ನೂ ಕಾಪಾಡಿಕೊಂಡಿದೆ. ಕಲ್ಯಾಣದ ವಿಪ್ಲವದ ತರುವಾಯ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದುದು ಈ ನೆಲದ ಮೇಲೆಯೇ ಎಂದು ಪರಂಪರೆಯು ನಂಬಿದೆ. ಮುರಗೋಡ, ಕಾದರವಳ್ಳಿಗಳ ಹೆಸರುಗಳು ಆ ಕಥನದಲ್ಲಿ ಬರುತ್ತವೆ. ಮುಗುಟಖಾನ ಹುಬ್ಬಳ್ಳಿಯ ಬಳಿ ಮಲಪ್ರಭೆಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಇಂದಿಗೂ ತೋರಿಸುತ್ತಾರೆ. ಇದರಲ್ಲಿ ಇತಿಹಾಸವೆಷ್ಟು, ಶ್ರದ್ಧೆಯೆಷ್ಟು ಎಂಬ ಚರ್ಚೆ ಇಲ್ಲಿ ಬೇಡ. ಜನರ ನೆನಪಿನಲ್ಲಿ ವಚನವು ಪ್ರಾಣವನ್ನು ಒತ್ತೆಯಿಟ್ಟು ಉಳಿಸಿಕೊಂಡ ವಸ್ತುವಾಗಿ ನಿಂತಿದೆಯೆಂಬುದೇ ನಮಗೆ ಮುಖ್ಯ.

ಹೀಗೆ ಉಳಿಸಿಕೊಂಡ ವಸ್ತುವಿಗೆ ಮುಂದೆ ಒದಗಿದ ಗತಿ ವಿಚಿತ್ರವಾದದ್ದು. ಹಾಡು ಹಾದಿಯಲ್ಲಿ ಉಳಿಯಿತು. ಓಲೆಯ ಕಟ್ಟು ಜಗಲಿಯನ್ನೇರಿತು. ಮಠಗಳಲ್ಲಿ, ಮನೆತನಗಳಲ್ಲಿ ಅದನ್ನು ಅರಿವೆಯಲ್ಲಿ ಸುತ್ತಿಟ್ಟು ದೇವರೊಡನೆ ಪೂಜಿಸುವುದು ವಾಡಿಕೆಯಾಯಿತು. ಪೂಜೆಯು ಓಲೆಯನ್ನು ರಕ್ಷಿಸಿತೆಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಪೂಜೆಗೊಳ್ಳುವ ಪುಸ್ತಕವನ್ನು ಬಿಚ್ಚಿ ಓದುವವರು ಕಡಿಮೆಯಾಗುತ್ತಾರೆಂಬುದೂ ಅಷ್ಟೇ ನಿಜ. ವಚನದ ಮಟ್ಟಿಗೆ ಇದೊಂದು ವಿಪರ್ಯಾಸ. ಏಕೆಂದರೆ ಸ್ಥಾವರವನ್ನು ಒಲ್ಲದವರ ಮಾತು ಇಲ್ಲಿ ತಾನೇ ಸ್ಥಾವರವಾಗಿತ್ತು.

೨

ಇಂಥ ಕಟ್ಟುಗಳು ಈ ಸೀಮೆಯಿಂದ ಉತ್ತರಕ್ಕೆ, ಕೃಷ್ಣಾತೀರದ ರಬಕವಿಯ ಮನೆತನವೊಂದರಲ್ಲಿಯೂ ಇದ್ದವು. ೧೯೦೩ರ ಸುಮಾರಿಗೆ ತರುಣ ಹಳಕಟ್ಟಿಯವರು ಅಲ್ಲಿ ‘ಷಟ್‌ಸ್ಥಲತಿಲಕ’ ಹಾಗೂ ‘ಪ್ರಭುದೇವರ ವಚನ’ ಎಂಬ ಓಲೆಗ್ರಂಥಗಳನ್ನು ಕಂಡರೆಂದೂ ಅಲ್ಲಿಂದ ಅವರ ಬಾಳು ಬೇರೆ ದಿಕ್ಕಿಗೆ ಹೊರಳಿತೆಂದೂ ಅವರ ಚರಿತ್ರಕಾರರು ಹೇಳುತ್ತಾರೆ. ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಕಾನೂನಿನ ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ ವಿಜಾಪುರದಲ್ಲಿ ನೆಲೆಸಿದ ಅವರಿಗೆ ವೃತ್ತಿಯೂ ಮಾನ್ಯತೆಯೂ ಕೈಗೆಟುಕುವಂತಿದ್ದವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಆ ಗ್ರಂಥವು ಹದಗೊಳ್ಳದ ನೆಲದಲ್ಲಿ ಬಿದ್ದ ಬೀಜವಲ್ಲ. ತಂದೆ ಗುರುಬಸಪ್ಪನವರು ಶಿಕ್ಷಕರು, ಸ್ವತಃ ಬರೆಹಗಾರರು. ಮುಂಬಯಿಯ ವಿದ್ಯಾರ್ಥಿಜೀವನದಲ್ಲಿ ಮರಾಠಿ, ಗುಜರಾತಿ ಜನರ ಭಾಷಾಭಿಮಾನವನ್ನು ಕಂಡು, ತನ್ನ ನುಡಿಗೆ ಇಂಥದೇನಿದೆ ಎಂಬ ಪ್ರಶ್ನೆಯನ್ನು ಹೊತ್ತು ಮರಳಿದವರು ಹಳಕಟ್ಟಿಯವರು. ಆ ಕಟ್ಟನ್ನು ಅವರಿಗಿಂತ ಮೊದಲು ಎಷ್ಟೋ ಮಂದಿ ಕಂಡಿದ್ದಿರಬೇಕು, ಕೈಮುಗಿದಿದ್ದಿರಬೇಕು. ಪ್ರಶ್ನೆಯಿದ್ದವನಿಗೆ ಮಾತ್ರ ಅದು ಉತ್ತರವಾಗಿ ತೋರಿತು.

ಎರಡನೆಯದು ಇನ್ನೂ ಮಹತ್ತ್ವದ್ದು. ಓಲೆಯನ್ನು ಕಂಡದ್ದು ೧೯೦೩ರ ಸುಮಾರಿಗೆ. ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದದ್ದು ೧೯೨೩ರಲ್ಲಿ. ನಡುವೆ ಇಪ್ಪತ್ತು ವರ್ಷಗಳ ಅಂತರ. ಗ್ರಂಥವೊಂದು ಜೀವನವನ್ನು ಬದಲಿಸಿತೆಂದು ಹೇಳುವಾಗ ನಮ್ಮ ಕಣ್ಣಿಗೆ ಮಿಂಚಿನಂಥ ಒಂದು ಕ್ಷಣವು ಬರುತ್ತದೆ. ವಸ್ತುಸ್ಥಿತಿಯಲ್ಲಿ ಇದ್ದದ್ದು ಇಪ್ಪತ್ತು ವರ್ಷಗಳ ದುಡಿಮೆ: ಹಗಲು ನ್ಯಾಯಾಲಯ, ಬಿಡುವಿನಲ್ಲಿ ಊರೂರು ಅಲೆದು ಕಟ್ಟುಗಳನ್ನು ಬೇಡುವುದು, ಪ್ರತಿ ಮಾಡುವುದು, ಪಾಠಗಳನ್ನು ತಾಳೆ ನೋಡುವುದು. ಮಧ್ಯೆ ಬೇರೆ ಕಾರ್ಯಗಳೂ ಇದ್ದವು. ೧೯೧೦ರಲ್ಲಿ ವಿಜಾಪುರದ ಶಿಕ್ಷಣಸಂಸ್ಥೆ, ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಅವರ ಮುಂದಾಳುತನದಲ್ಲಿ ರೂಪುಗೊಂಡವು. ಆದುದರಿಂದ ಅವರ ಬಾಳನ್ನು ಬದಲಿಸಿದ್ದು ಗ್ರಂಥದ ದರ್ಶನವೆನ್ನುವುದಕ್ಕಿಂತ ಗ್ರಂಥವು ಬೇಡಿದ ಕೆಲಸವೆನ್ನುವುದು ಸರಿ. ೧೯೨೫ರಲ್ಲಿ ವಾಸದ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದ್ದು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ್ದು ಆ ಬೇಡಿಕೆಯ ಮುಂದಿನ ಹೆಜ್ಜೆಗಳು. ಅದೇ ೧೯೨೬ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ, ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿಯೂ ಅವರಿಗೆ ಸಂದವು.

೩

ಸಂಪಾದಕನನ್ನು ಸೃಜನಶೀಲನೆನ್ನಬಹುದೇ ಎಂಬ ಆಕ್ಷೇಪವು ಇಲ್ಲಿ ಏಳುವುದು ಸಹಜ. ಸಮಕಾಲೀನವಾದ ಇನ್ನೊಂದು ಉದಾಹರಣೆಯೊಡನೆ ಹೋಲಿಸಿದರೆ ವಿಷಯ ತಿಳಿಯಾಗುತ್ತದೆ. ಪಾಲ್‌ಗ್ರೇವನು ೧೮೬೧ರಲ್ಲಿ ಸಂಕಲಿಸಿದ ‘ಗೋಲ್ಡನ್ ಟ್ರೆಜರಿ’ಯಿಂದ ಬಿ. ಎಂ. ಶ್ರೀಕಂಠಯ್ಯನವರು ಬಹುಪಾಲು ಕವನಗಳನ್ನು ಆರಿಸಿ, ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹವನ್ನು ಕನ್ನಡಕ್ಕೆ ಕೊಟ್ಟರು. ಅಲ್ಲಿ ಒಂದು ಪುಸ್ತಕವು ಒಬ್ಬ ಪ್ರಾಧ್ಯಾಪಕರನ್ನು ಕವಿಯನ್ನಾಗಿ ಮಾಡಿತು. ಕನ್ನಡಕ್ಕೆ ಹೊಸ ಛಂದೋರೂಪಗಳು ಬಂದವು. ಹಳಕಟ್ಟಿಯವರಲ್ಲಿ ನಡೆದದ್ದು ಇದರ ವಿಲೋಮಕ್ರಿಯೆ. ಬರೆಯಬಲ್ಲ ಒಬ್ಬನನ್ನು ಪುಸ್ತಕವು ತನ್ನ ಮಾತನ್ನು ಹಿಂದಕ್ಕಿಟ್ಟು ಇತರರ ಮಾತನ್ನು ಮುಂದಿಡುವವನನ್ನಾಗಿ ಮಾಡಿತು. ಆದರೂ ಅವರ ಸಂಪಾದನೆಯಿಂದ ಹಿಂದೆ ಇಲ್ಲದಿದ್ದ ಒಂದು ವಸ್ತು ಹುಟ್ಟಿತೆಂಬುದು ನಿರ್ವಿವಾದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಕೆಲವು ವಚನಗ್ರಂಥಗಳು ಅಚ್ಚಾಗಿದ್ದವು, ನಿಜ. ಆದರೆ ಅವು ಬಹುಮಟ್ಟಿಗೆ ಮತಗ್ರಂಥಗಳಾಗಿ ಭಕ್ತರ ನಡುವೆಯೇ ಉಳಿದಿದ್ದವು. ನೂರಾರು ವಚನಕಾರರ ಒಂದು ಸಮೂಹವಿದೆ, ಅದರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರಿದ್ದಾರೆ, ಇದೆಲ್ಲವೂ ಕೂಡಿ ಕನ್ನಡದ ಒಂದು ಸಾಹಿತ್ಯಪ್ರಕಾರ ಎಂಬ ತಿಳಿವಳಿಕೆಯು ಬೆಳೆದದ್ದು ಪ್ರಧಾನವಾಗಿ ಅವರ ಶ್ರಮದಿಂದ. ಇರುವ ಬಿಡಿಗಳಿಂದ ಕಾಣದಿದ್ದ ಇಡಿಯನ್ನು ತೋರಿಸುವುದು ಸೃಷ್ಟಿಯಲ್ಲದೆ ಮತ್ತೇನು?

೪

ಆದರೆ ಸೃಷ್ಟಿಯೆಂದು ಒಪ್ಪಿದ ಮೇಲೆ ಅದನ್ನು ವಿಮರ್ಶಿಸುವ ಹೊಣೆಯೂ ಬರುತ್ತದೆ. ‘ವಚನಶಾಸ್ತ್ರಸಾರ’ ಎಂಬ ಹೆಸರನ್ನೇ ನೋಡಬೇಕು. ‘ವಚನ’ವೆಂಬುದು ಆಡಿದ ಮಾತು, ‘ಶಾಸ್ತ್ರ’ವೆಂಬುದು ವ್ಯವಸ್ಥೆಗೊಂಡ ಸಿದ್ಧಾಂತ, ‘ಸಾರ’ವೆಂಬುದು ಸಿದ್ಧಾಂತದಿಂದ ಹಿಂಡಿ ತೆಗೆದದ್ದು. ಮಾತಿನಿಂದ ಎರಡು ಮೆಟ್ಟಿಲು ದೂರ ಬಂದಂತಾಯಿತು. ಗ್ರಂಥದಲ್ಲಿ ವಚನಗಳು ವಿಷಯಾನುಸಾರವಾಗಿ ಜೋಡಣೆಗೊಂಡಿವೆ. ಇದು ಅವರ ಸ್ವಕಪೋಲಕಲ್ಪಿತವಲ್ಲ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಸಂಕಲನಕಾರರು ವಚನಗಳನ್ನು ಸ್ಥಲಗಳಿಗೆ ಹೊಂದಿಸಿ ಕಟ್ಟುವ ಪದ್ಧತಿಯನ್ನು ಬಲಪಡಿಸಿದ್ದರು. ರಬಕವಿಯಲ್ಲಿ ಕಂಡ ಗ್ರಂಥಗಳಲ್ಲೊಂದರ ಹೆಸರಿನಲ್ಲಿಯೇ ಷಟ್‌ಸ್ಥಲವಿದೆಯೆಂಬುದನ್ನು ಮರೆಯಬಾರದು. ಬಾಳನ್ನು ಬದಲಿಸಿದ ಪುಸ್ತಕವು, ಮುಂದಿನ ಪುಸ್ತಕಗಳನ್ನು ನೋಡುವ ಕಣ್ಣನ್ನೂ ತಾನೇ ಕೊಟ್ಟಿತೆಂದು ನಮಗೆ ತೋರುತ್ತದೆ.

ಈ ಜೋಡಣೆಯಿಂದ ಆದ ಲಾಭವು ದೊಡ್ಡದು. ಒಂದೇ ವಿಷಯದ ಅಡಿಯಲ್ಲಿ ಮಂತ್ರಿಯಾದ ಬಸವಣ್ಣನೂ ಅಂಬಿಗರ ಚೌಡಯ್ಯನೂ ಒತ್ತಿನಲ್ಲಿ ನಿಲ್ಲಬಲ್ಲರು. ಅನುಭವಮಂಟಪದ ಸಮಾನತೆಯು ಅಚ್ಚಿನ ಪುಟದಲ್ಲಿ ಮೈದೋರುತ್ತದೆ. ಹೊಸ ಓದುಗನಿಗೆ ಅಪಾರ ರಾಶಿಯೊಳಗೆ ದಾರಿಯೊಂದು ದೊರೆಯುತ್ತದೆ. ಆದರೆ ನಷ್ಟವೂ ಇದೆ. ಚೌಡಯ್ಯನ ಸಿಟ್ಟು ಯಾರ ಮೇಲೆ ಎಂಬುದು ಅವನ ವಚನಗಳನ್ನು ಒಟ್ಟಿಗೆ ಓದಿದಾಗ ತಿಳಿಯುವಂತೆ ಬಿಡಿಬಿಡಿಯಾಗಿ ಓದಿದಾಗ ತಿಳಿಯದು. ಅಲ್ಲಮನ ಬೆಡಗಿನ ವಚನವನ್ನು ಯಾವುದಾದರೊಂದು ವಿಷಯದ ಕೆಳಗೆ ಇಟ್ಟೊಡನೆ, ಅರ್ಥವನ್ನು ಬಚ್ಚಿಟ್ಟ ಮಾತಿಗೆ ಮೊದಲೇ ಅರ್ಥದ ಚೀಟಿಯನ್ನು ಅಂಟಿಸಿದಂತಾಗುತ್ತದೆ. ಒಬ್ಬ ಶರಣನು ಇನ್ನೊಬ್ಬನೊಡನೆ ಹೂಡಿದ ವಾದವು ಸರ್ವಸಮ್ಮತ ಬೋಧೆಯಂತೆ ಕೇಳಿಸುತ್ತದೆ. ಈ ಕೊರತೆಗೆ ಪರಿಹಾರವನ್ನು ಸಹ ಹಳಕಟ್ಟಿಯವರೇ ಒದಗಿಸಿದರೆಂಬುದು ಗಮನಾರ್ಹ. ಅವರು ಸಂಪಾದಿಸಿ ೧೯೩೦ರಲ್ಲಿ ಪ್ರಕಟಿಸಿದ ‘ಶೂನ್ಯಸಂಪಾದನೆ’ಯಲ್ಲಿ ವಚನವು ಮತ್ತೆ ಸಂವಾದವಾಗುತ್ತದೆ, ಅಲ್ಲಿ ಪ್ರತಿಯೊಂದು ಮಾತಿಗೂ ಆಡುವವನಿದ್ದಾನೆ, ಎದುರಾಡುವವನೂ ಇದ್ದಾನೆ.

ಮುಂದಿನ ವಿದ್ವಾಂಸರು ಶಿ. ಶಿ. ಬಸವನಾಳರಿಂದ ಮೊದಲ್ಗೊಂಡು ಒಬ್ಬೊಬ್ಬ ವಚನಕಾರನ ಪಾಠವನ್ನು ಪ್ರತ್ಯೇಕವಾಗಿ ಶುದ್ಧಗೊಳಿಸುವ ದಾರಿಯನ್ನು ಹಿಡಿದರು. ಅಂಥ ಆವೃತ್ತಿಗಳ ಆಧಾರದ ಮೇಲೆ ಎ. ಕೆ. ರಾಮಾನುಜನ್ನರು ೧೯೭೩ರಲ್ಲಿ ನಾಲ್ವರು ವಚನಕಾರರನ್ನು ಇಂಗ್ಲಿಷ್ ಓದುಗರ ಮುಂದಿಟ್ಟರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಹೊರಬಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ವು ವಚನಕಾರರ ಅನುಸಾರವಾದ ಕ್ರಮವನ್ನು ದೃಢಪಡಿಸಿತು. ಹೀಗೆ ಸಂಶೋಧನೆಯು ಶಾಸ್ತ್ರದಿಂದ ವ್ಯಕ್ತಿಯ ಕಡೆಗೆ ನಡೆದಿದೆ. ನಮ್ಮ ತರಗತಿಗಳು ಮಾತ್ರ ಅಷ್ಟು ದೂರ ನಡೆದಂತೆ ಕಾಣುವುದಿಲ್ಲ. ಇಂದಿಗೂ ನಾವು ಐದಾರು ವಚನಗಳನ್ನು ‘ಕಾಯಕ’, ‘ದಾಸೋಹ’, ‘ಜಾತಿನಿರಸನ’ ಎಂಬ ಶೀರ್ಷಿಕೆಗಳ ಕೆಳಗೆ ಕಲಿಸಿ, ಪರೀಕ್ಷೆಯಲ್ಲಿ ಅವುಗಳ ಸಾರವನ್ನು ಕೇಳುತ್ತೇವೆ. ಓಲೆಯಲ್ಲಿ ಸಾಲು ಒಡೆಯುವ ಪದ್ಧತಿ ಇರಲಿಲ್ಲ. ಪುಸ್ತಕದಲ್ಲಿ ಕಾಣುವ ಪಾದವಿಭಾಗವು ಮುದ್ರಣಯುಗದ ಸಂಪಾದಕರದು ಎಂಬ ಸರಳ ಸಂಗತಿಯನ್ನು ಎಷ್ಟು ವಿದ್ಯಾರ್ಥಿಗಳಿಗೆ ತಿಳಿಸಿದ್ದೇವೆ?

೫

ಈಗ ಮೊದಲಿನ ಪ್ರಶ್ನೆಗಳಿಗೆ ಹಿಂದಿರುಗಬಹುದು. ರಬಕವಿಯ ಓಲೆಯು ಹಳಕಟ್ಟಿಯವರ ಅಭಿರುಚಿಯನ್ನಾಗಲಿ ಅಭಿಮಾನವನ್ನಾಗಲಿ ಹೊಸದಾಗಿ ಹುಟ್ಟಿಸಲಿಲ್ಲ. ಅವೆರಡೂ ಮೊದಲೇ ಇದ್ದವು. ಅದು ಬದಲಿಸಿದ್ದು ಅವರ ಹೊತ್ತನ್ನು, ಹಣವನ್ನು, ದುಡಿಮೆಯ ಗುರಿಯನ್ನು. ಅವರು ತಿರುಗಿ ಅದಕ್ಕೆ ಮಾಡಿದ ಉಪಕಾರವೆಂದರೆ ಪೂಜೆಯ ವಸ್ತುವನ್ನು ಓದಿನ ವಸ್ತುವನ್ನಾಗಿ ಮಾಡಿದ್ದು. ತಮ್ಮ ಕಾಲದ ಅವಶ್ಯಕತೆಗೆ ತಕ್ಕಂತೆ ಅದಕ್ಕೆ ಶಾಸ್ತ್ರದ ಉಡುಪನ್ನು ತೊಡಿಸಿದ್ದೂ ಉಂಟು. ಆ ಉಡುಪನ್ನೇ ಮೈಯೆಂದು ನಾವು ಭ್ರಮಿಸಿದರೆ ತಪ್ಪು ಅವರದಲ್ಲ.

ಅರಿವೆಯನ್ನು ಬಿಚ್ಚಿ ಓಲೆಯನ್ನು ಹೊರತೆಗೆದವರ ಹೆಸರಿನಲ್ಲಿ ಜಯಂತಿಗಳು ನಡೆಯುತ್ತಿವೆ, ನಡೆಯಲಿ. ಅದರೊಡನೆ ಒಬ್ಬ ಅಧ್ಯಾಪಕನು ಒಬ್ಬನೇ ವಚನಕಾರನ ಎಲ್ಲ ವಚನಗಳನ್ನೂ ಒಂದು ವರ್ಷ ತನ್ನ ವಿದ್ಯಾರ್ಥಿಗಳೊಡನೆ ಮೊದಲಿನಿಂದ ಕೊನೆಯವರೆಗೆ ಓದಿದರೆ, ೧೯೦೩ರಲ್ಲಿ ರಬಕವಿಯ ಜಗಲಿಯ ಮುಂದೆ ಆರಂಭವಾದ ಕೆಲಸವು ಮುಂದುವರಿದಂತಾಗುವುದೆಂದು ನಾವು ಭಾವಿಸುತ್ತೇವೆ.