ಮೈ ಕೊಡವುವ ಇಲಿ

ಇಲಿಯ ಚರ್ಮದಡಿ ಮಾರ್ಫಿನ್ ಗುಳಿಗೆ ಹುದುಗಿಸುತ್ತಾರೆ. ಕೆಲವು ದಿನ ಬಿಟ್ಟು, ಮಾರ್ಫಿನ್ನಿನ ಕೆಲಸವನ್ನು ತಟ್ಟನೆ ತಡೆಯುವ ನಲಾಕ್ಸೋನ್ ಚುಚ್ಚುತ್ತಾರೆ. ನಿಮಿಷಗಳೊಳಗೆ ಅದು ಮಿಂದ ನಾಯಿಯಂತೆ ಮೈ ಕೊಡವುತ್ತದೆ, ಹಲ್ಲು ಕಟಕಟಿಸುತ್ತದೆ, ಭೇದಿಯಾಗುತ್ತದೆ. ಎದುರಿಗೆ ಕೂತವರು ಎಷ್ಟು ಸಲ ಕೊಡವಿತೆಂದು ಎಣಿಸಿ ಬರೆದುಕೊಳ್ಳುತ್ತಾರೆ. ಅಫೀಮಿನ ವರ್ಗದ ಮದ್ದು ಮಿದುಳಿಗೆ ಏನು ಮಾಡುತ್ತದೆಂಬ ನಮ್ಮ ತಿಳಿವಳಿಕೆಯ ದೊಡ್ಡ ಪಾಲು ಈ ಎಣಿಕೆಯಿಂದ ಬಂದದ್ದು. ಈ ವಿಧಾನದ ಮೇಲೆ ನನಗೆ ಗೌರವವಿದೆ. ಆದರೆ ಅದು ಅಳೆಯುವುದು ಮದ್ದು ತಪ್ಪಿದಾಗ ಮೈಗೆ ಬರುವ ತಲ್ಲಣವನ್ನಷ್ಟೇ. ಅದೇ ಚಟ ಎಂದುಕೊಂಡರೆ ಜೀವಕ್ಕೇ ಎರವಾಗುತ್ತದೆ.

ತಲ್ಲಣದ ಮೂಲವನ್ನು 1975ರಲ್ಲಿ ಶರ್ಮ, ಕ್ಲೀ, ನಿರೆನ್‌ಬರ್ಗ್ ಎಂಬ ಮೂವರು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ತೋರಿಸಿದರು. ಮಾರ್ಫಿನ್ ಅಡೆನೈಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಅದುಮುತ್ತದೆ. ಕೋಶ ಸುಮ್ಮನಿರದೆ ಆ ಕಿಣ್ವದ ಕಸುವನ್ನು ಏರಿಸಿಕೊಳ್ಳುತ್ತದೆ. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಎಳೆಯುವ ಎತ್ತನ್ನು ನೆನೆದುಕೊಳ್ಳಿ: ಏರಿನಲ್ಲಿ ಜೀವ ಬಿಟ್ಟು ಎಳೆಯುತ್ತಿರುವಾಗ ಮಿಣಿ ಹರಿದರೆ ಅದು ಮುಂದಕ್ಕೆ ಮುಗ್ಗರಿಸುತ್ತದೆ. ಮದ್ದು ತಪ್ಪಿದ ಕೋಶದ ಪಾಡೂ ಅಷ್ಟೇ.

1978ರಲ್ಲಿ ಅಘಜಾನಿಯನ್ ಎಂಬ ವಿಜ್ಞಾನಿ ಈ ಮುಗ್ಗರಿಕೆಯನ್ನು ಇಲಿಯ ಮಿದುಳುಕಾಂಡದ ಲೋಕಸ್ ಸೆರೂಲಿಯಸ್‌ನಲ್ಲಿ ಕಂಡರು. ನೊರ್‌ಅಡ್ರಿನಲಿನ್ ಸೂಸುವ ಅಲ್ಲಿನ ಕೋಶಗಳು ಹುಚ್ಚೆದ್ದು ಮಿಡಿಯುತ್ತಿದ್ದವು. ರಕ್ತದೊತ್ತಡದ ಮದ್ದು ಕ್ಲೋನಿಡಿನ್ ಕೊಟ್ಟಾಗ ತಣ್ಣಗಾದವು. ಅದೇ ವರ್ಷ ಮನುಷ್ಯರಲ್ಲೂ ಅದು ಫಲ ಕೊಟ್ಟಿತು. ಆಮೇಲೆ, 1999ರಲ್ಲಿ, ಆ ಕೋಶಗಳನ್ನು ಪೂರ್ತಿ ನಾಶಮಾಡಿ ನೋಡಿದರು. ಇಲಿ ಮೊದಲಿನಂತೆಯೇ ತಲ್ಲಣಿಸಿತು, ಕ್ಲೋನಿಡಿನ್ ಮೊದಲಿನಂತೆಯೇ ಕೆಲಸ ಮಾಡಿತು. ಮದ್ದು ಸರಿ, ವಿವರಣೆ ತಪ್ಪು! ಪಠ್ಯಗಳಲ್ಲಿ ಮೊದಲ ಕಥೆ ನಿಂತಷ್ಟು ಗಟ್ಟಿಯಾಗಿ ಎರಡನೆಯದು ನಿಲ್ಲಲಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ, ಫಾರ್ಮಸಿ ಓದುವ ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಹೇಳಬೇಕು.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಗುಳಿಗೆ ಹೊತ್ತ ಇಲಿ ಮದ್ದನ್ನು ತಾನಾಗಿ ಕೇಳಿದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶಂಕರನಾರಾಯಣ ರಾವ್, ದೇಸಿರಾಜು, ರಾಜು ಅವರ ಇಲಿಗಳು ತಾವೇ ಪೆಡಲ್ ಒತ್ತಿ ಮಿದುಳಿಗೆ ಸುಖದ ವಿದ್ಯುತ್ ಹರಿಸಿಕೊಳ್ಳುತ್ತಿದ್ದವು. ಅವುಗಳ ಹಿಪೊಕ್ಯಾಂಪಸ್‌ನ ನರಕೋಶಗಳು ಹೆಚ್ಚು ಕವಲೊಡೆದಿದ್ದುದನ್ನು 1993ರಲ್ಲಿ ಅವರು ಪ್ರಕಟಿಸಿದರು. ಅಲ್ಲಿ ಮಾರ್ಫಿನ್ ಇರಲಿಲ್ಲ. ಬೇಕೆಂದು ಮತ್ತೆ ಮತ್ತೆ ಪಡೆದ ಸುಖವೇ ಮಿದುಳಿನ ಆಕಾರ ತಿದ್ದಿತ್ತು. ಮೈ ಕೊಡವಿದ್ದನ್ನು ಎಷ್ಟು ಎಣಿಸಿದರೂ ಇದು ಕಾಣುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕೆನಡಾದ ಷೆಪರ್ಡ್ ಸೀಗಲ್ ಅವರ 1982ರ ಪ್ರಯೋಗ. ಇಲಿಗಳಿಗೆ ಹೆರಾಯಿನ್ ಪ್ರಮಾಣ ಏರಿಸುತ್ತಾ ಬಂದು, ಕೊನೆಗೆ ಭಾರಿ ಪ್ರಮಾಣ ಕೊಟ್ಟರು. ಮಾಮೂಲಿ ಕೋಣೆಯಲ್ಲೇ ಅದನ್ನು ಪಡೆದವುಗಳಲ್ಲಿ ಶೇ. 32ರಷ್ಟು ಸತ್ತವು; ಹೆರಾಯಿನ್ ಎಂದೂ ಪಡೆಯದಿದ್ದ ಬೇರೆ ಕೋಣೆಯಲ್ಲಿ ಶೇ. 64ರಷ್ಟು. ಮದ್ದು ಒಂದೇ, ಪ್ರಮಾಣ ಒಂದೇ. ಗೋಡೆಗಳನ್ನು ಗುರುತಿಸಿ ಮೈ ಮೊದಲೇ ಸಜ್ಜಾಗುತ್ತಿತ್ತು.

ಇದು ದೂರದ ದೇಶದ ಮಾತಲ್ಲ. ನೋವಿನ ಮಾತ್ರೆ ಟ್ರಮಡಾಲ್ ಕೂಡ ಅಫೀಮಿನ ವರ್ಗದ್ದೇ. 2018ರಲ್ಲಿ ಅದು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಬಂತು. ಕೆ.ಆರ್. ಪೇಟೆಯ ಒಬ್ಬ ಹುಡುಗನನ್ನು ಹತ್ತು ದಿನ ಎಲ್ಲೋ ಸೇರಿಸಿ, ನಡುಕ ನಿಂತಿತೆಂದು ಮನೆಗೆ ಕರೆತಂದರೆ, ಮದ್ದು ತಾಳುವ ಶಕ್ತಿ ಇಳಿದಿರುತ್ತದೆ, ಬಯಕೆ ಉಳಿದಿರುತ್ತದೆ. ಆಗ ಹಳೇ ಪ್ರಮಾಣವೇ ಉಸಿರು ನಿಲ್ಲಿಸಬಲ್ಲದು. ಚಿಕಿತ್ಸೆಗೆಂದು ಕೊಡುವ, ಇದೇ ವರ್ಗದ ಬ್ಯುಪ್ರಿನಾರ್ಫಿನ್ ಮುಂದುವರಿಸುವುದನ್ನು ಒಂದು ಚಟ ಬಿಡಿಸಿ ಇನ್ನೊಂದು ಕಲಿಸುವುದು ಎಂದು ಹಳಿಯುವವರು ಮೈ ಕೊಡವುವ ಇಲಿಯನ್ನಷ್ಟೇ ನೋಡಿದವರು.

ನಿಂತ ಉಸಿರನ್ನು ಮರಳಿಸುವುದೂ ಅದೇ ನಲಾಕ್ಸೋನ್. ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಆಸ್ಪತ್ರೆಗಳಲ್ಲಿ ನಡುರಾತ್ರಿ ಒಬ್ಬ ತಾಯಿ ಮಗನನ್ನು ಹೊತ್ತು ತಂದಾಗ, ಅದು ಬೀಗ ಹಾಕಿದ ಬೀರುವಿನಲ್ಲಿ ಇರದೆ ಡ್ಯೂಟಿ ನರ್ಸ್ ಕೈಗೆಟುಕುವಲ್ಲಿ ಇರಬೇಕು.