ಹಟ್ಟಿಯ ಚಿನ್ನ, ಯೋಬನ ಗಣಿ

ನೀರಮಾನ್ವಿಯ ಕಡೆ ಚಿನ್ನವೆಂದರೆ ಮಗಳ ಮದುವೆ, ಪತ್ತಾರರ ಅಂಗಡಿ, ಮಳೆ ಕೈಕೊಟ್ಟ ವರ್ಷ ಒತ್ತೆಗೆ ಹೋಗುವ ಸರ. ಅದೇ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ, ದೇವದುರ್ಗ ತಾಲ್ಲೂಕಿನ ಊಟಿಯಲ್ಲಿ (ನೀಲಗಿರಿಯದಲ್ಲ), ಅದು ನೆಲದೊಳಗಿನ ಅದಿರು. ಟನ್‌ಗಟ್ಟಲೆ ಕಲ್ಲು ಒಡೆದರೆ ಗ್ರಾಂ ಲೆಕ್ಕದಲ್ಲಿ ಕೈಗೆ ಬರುವಂಥದ್ದು. ಈ ಎರಡೂ ಚಿನ್ನವನ್ನು ಬಲ್ಲ ರಾಯಚೂರಿನ ಓದುಗನಿಗೆ ಬೈಬಲ್‌ನ ಯೋಬ ಗ್ರಂಥದ 28ನೆಯ ಅಧ್ಯಾಯ ಇತರರಿಗಿಂತ ಚೆನ್ನಾಗಿ ದಕ್ಕಬೇಕು. ದಕ್ಕದಂತೆ ಮಾಡಿರುವುದು ಅದಕ್ಕೆ ಅಂಟಿಕೊಂಡ ಸಾಂಕೇತಿಕ ವ್ಯಾಖ್ಯಾನ ಎಂಬುದು ನನ್ನ ತಕರಾರು.

ಈ ಕವಿತೆ ದೇವರಿಂದ ಶುರುವಾಗುವುದಿಲ್ಲ, ಗಣಿಯಿಂದ ಶುರುವಾಗುತ್ತದೆ. ಬೆಳ್ಳಿಯ ತಾಣ, ಚಿನ್ನ ಸೋಸುವ ಜಾಗ, ಕಬ್ಬಿಣ, ತಾಮ್ರ ಒಂದೊಂದಾಗಿ ಬರುತ್ತವೆ. ಆಮೇಲೆ ಊರಿಂದ ದೂರ, ಯಾರ ನೆನಪಿಗೂ ಬಾರದ ಕತ್ತಲ ಕೂಪದಲ್ಲಿ ತೂಗಾಡುವ ಮನುಷ್ಯರು ಕಾಣುತ್ತಾರೆ. ಮೇಲೆ ಹೊಲ ಅನ್ನ ಕೊಡುತ್ತಿದ್ದರೆ ಕೆಳಗೆ ನೆಲ ಬೆಂಕಿ ಹೊಕ್ಕಂತೆ ಬುಡಮೇಲಾಗಿದೆ. ಹಟ್ಟಿಯ ಪುರಾತನ ಗುಂಡಿಗಳ ಕಥೆಯೂ ಇದೇ. ಕೆಲವು 600 ಅಡಿಗೂ ಆಳಕ್ಕೆ ಇಳಿದಿದ್ದವು. ಬಂಡೆಯನ್ನು ಬೆಂಕಿಯಲ್ಲಿ ಕಾಯಿಸಿ, ನೀರೆರಚಿ ಸಿಡಿಸುತ್ತಿದ್ದರು. ಒಳಗೆ ಉಳಿದಿದ್ದ ಮರದ ತುಂಡುಗಳಿಗೆ ಸುಮಾರು ಎರಡು ಸಾವಿರ ವರ್ಷ. ಅಲ್ಲಿ ಇಳಿದವರ ಒಂದು ಹೆಸರೂ ನಮಗೆ ಉಳಿದಿಲ್ಲ. ಯೋಬನ ಕವಿಯೂ ಹೆಸರು ಹೇಳುವುದಿಲ್ಲ, ಆದರೆ ಅವರು ಜೋತಾಡುವುದನ್ನು ಕಂಡಿದ್ದಾನೆ.

ಇಷ್ಟೆಲ್ಲ ಶ್ರಮವನ್ನು ಕಣ್ಣಿಗೆ ಕಟ್ಟಿಸಿದ ಮೇಲೆ ಪ್ರಶ್ನೆ ಬೀಳುತ್ತದೆ: ವಿವೇಕ ಸಿಗುವುದು ಎಲ್ಲಿ? ಸಮುದ್ರ ತನ್ನಲ್ಲಿಲ್ಲವೆನ್ನುತ್ತದೆ, ಸಾವು ಬರೀ ಸುದ್ದಿ ಕೇಳಿದ್ದೇನೆನ್ನುತ್ತದೆ. ನಡುವೆ ಐದು ವಚನಗಳ ತುಂಬ ಬೆಲೆಪಟ್ಟಿ: ಓಫೀರಿನ ಚಿನ್ನ, ಬೆಳ್ಳಿ, ನೀಲ, ಸ್ಫಟಿಕ, ಹವಳ, ಮುತ್ತು, ಕೂಷ್ ದೇಶದ ಪುಷ್ಯರಾಗ. ತಕ್ಕಡಿಯ ಒಂದು ತಟ್ಟೆಗೆ ಒಂದಾದ ಮೇಲೊಂದು ಸುರಿಯುತ್ತಿದ್ದರೂ ಮುಳ್ಳು ಅಲುಗುವುದಿಲ್ಲ. ಚಿನ್ನವನ್ನು ಇಲ್ಲಿ ಯಾರೂ ಹೀಗಳೆದಿಲ್ಲ. ಅದು ನಿಜವಾಗಿ ಅಮೂಲ್ಯವಾದ್ದರಿಂದಲೇ ಅದರ ಸೋಲಿಗೆ ತೂಕ ಬಂದಿದೆ.

ಕ್ರೈಸ್ತ ವ್ಯಾಖ್ಯಾನ ಪರಂಪರೆ ಈ ತೂಕವನ್ನೇ ಇಳಿಸಿಬಿಟ್ಟಿತು. 6ನೆಯ ಶತಮಾನದ ಕೊನೆಗೆ ಪೋಪ್ ಮಹಾ ಗ್ರೆಗೊರಿ ಯೋಬನ ಮೇಲೆ ಬರೆದ ಬೃಹತ್ ವ್ಯಾಖ್ಯಾನದಲ್ಲಿ ಬೆಳ್ಳಿ ಎಂದರೆ ಮಾತಿನ ಶಕ್ತಿ, ಚಿನ್ನ ಎಂದರೆ ಬಾಳಿನ ಅಥವಾ ಜ್ಞಾನದ ಹೊಳಪು. ಅವನ ಪಾಂಡಿತ್ಯ ದೊಡ್ಡದು, ಒಳನೋಟಗಳೂ ಇವೆ. ಆದರೆ ಚಿನ್ನಕ್ಕೆ ಇಂಥದ್ದೇ ಅರ್ಥವೆಂದು ಗೊತ್ತುಮಾಡಿದ ಮೇಲೆ ಗಣಿಗೆ ಇಳಿಯುವ ಅಗತ್ಯವೇ ಉಳಿಯುವುದಿಲ್ಲ. ಚಿನ್ನ ದೈವತ್ವ, ಬೆಳ್ಳಿ ವಿಮೋಚನೆ, ಮುತ್ತು ಸಂಕಟದ ಫಲ ಎಂದು ಪ್ರವಚನಗಳಲ್ಲಿ ಈಗಲೂ ಕೇಳಿಬರುವ ಪಟ್ಟಿಗಳು ಅದರದೇ ಬಡ ಸಂತತಿ.

ಬೈಬಲ್‌ನ ಕವಿಗಳೇ ಇದಕ್ಕೆ ಒಪ್ಪುವವರಲ್ಲ. ಕೀರ್ತನೆಗಳಲ್ಲಿ ದೇವರ ಮಾತು ಏಳು ಸಲ ಪುಟವಿಟ್ಟ ಬೆಳ್ಳಿ. ಅಲ್ಲಿ ಮುಖ್ಯವಾದದ್ದು ಲೋಹವಲ್ಲ, ಕುಲುಮೆ. ಪರಮಗೀತದಲ್ಲಿ ನಲ್ಲನ ತಲೆ ಅಪರಂಜಿ, ಕೈ ಬಂಗಾರ, ಮೈ ನೀಲ ಕೆತ್ತಿದ ದಂತ. ಇದನ್ನು ಕ್ರಿಸ್ತ ಮತ್ತು ಸಭೆಯ ಪ್ರೇಮವೆಂದು ಓದಲಿ, ಅಡ್ಡಿಯಿಲ್ಲ. ಮೈಯ ಬಿಸುಪು ಆರದಿದ್ದರೆ ಸಾಕು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಿನದು ಪ್ರಲಾಪಗಳ 4ನೆಯ ಅಧ್ಯಾಯ. ಚಿನ್ನ ಮಂಕಾಗಿದೆ, ಪವಿತ್ರ ಕಲ್ಲುಗಳು ಬೀದಿಮೂಲೆಗಳಲ್ಲಿ ಚೆಲ್ಲಿವೆ, ಅಪರಂಜಿಗೆ ಸಮನಾಗಿದ್ದ ಮಕ್ಕಳು ಮಡಕೆಯಂತಾಗಿದ್ದಾರೆ. ಮುತ್ತಿಗೆಗೆ ಬಿದ್ದ ಊರಿನ ಹಸಿವು ಆ ಮಂಕಿನಲ್ಲೇ ಇದೆ. ಇದರ ಪಕ್ಕದಲ್ಲಿ ಪ್ರಕಟನೆ ಗ್ರಂಥದ 21ನೆಯ ಅಧ್ಯಾಯದ ಹೊಸ ಯೆರೂಸಲೇಮು, ಅದರ ಹನ್ನೆರಡು ರತ್ನದ ಅಸ್ತಿವಾರ, ಹನ್ನೆರಡು ಮುತ್ತಿನ ಬಾಗಿಲು ಕಣ್ಣು ಕೋರೈಸುತ್ತವೆ, ಮನಸ್ಸಿಗಿಳಿಯುವುದಿಲ್ಲ. ಅಲ್ಲಿನ ಚಿನ್ನ ಗಾಜಿನಂತೆ ಪಾರದರ್ಶಕ. ಅದನ್ನು ಯಾರೂ ಅಗೆದು ತೆಗೆದಿಲ್ಲ.

ಹಾಗೆಂದು ಯೋಬನ ಕವಿತೆಯೂ ಕುಂದಿಲ್ಲದ್ದಲ್ಲ. ದೇವರಿಗೆ ಅಂಜುವುದೇ ವಿವೇಕವೆನ್ನುವ ಕೊನೆಯ ವಚನ ನಂತರದ ಸೇರ್ಪಡೆಯಿರಬಹುದೆಂದು ಹಲವು ವಿದ್ವಾಂಸರು ಶಂಕಿಸಿದ್ದಾರೆ. ಓದುವಾಗಲೂ ಹಾಗೇ ಅನ್ನಿಸುತ್ತದೆ. ಇಪ್ಪತ್ತೇಳು ವಚನ ಹುಡುಕಾಡಿಸಿ, ಉತ್ತರವನ್ನು ಒಂದೇ ಏಟಿಗೆ ಕೈಗಿಟ್ಟುಬಿಡುತ್ತದೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಅದನ್ನು ಕಾಣಲು ಹಟ್ಟಿಯ ಕಡೆಗೇ ಮರಳಬೇಕು. ಹಟ್ಟಿಯಿಂದ ಹೆಚ್ಚು ದೂರವಿಲ್ಲದ ಗುರುಗುಂಟಾ ಅಮರೇಶ್ವರ, ಪರಂಪರೆ ಹೇಳುವಂತೆ, ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಊರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದವಳು ಆಕೆ. ಯೋಬನ ಕವಿ ಚಿನ್ನದ ಬೆಲೆಯನ್ನು ವಿವೇಕದೆದುರು ಇಟ್ಟು ತೂಗಿದ, ಮನುಷ್ಯನ ಜಾಣ್ಮೆಗೆ ತಲೆದೂಗಿದ. ನಾಲ್ಕನೆಯ ವಚನದಲ್ಲಿ ತೂಗಾಡುತ್ತಿದ್ದವರು ಮೇಲೆ ಬಂದರೋ, ತೆಗೆದ ಚಿನ್ನ ಯಾರ ಮನೆ ಸೇರಿತೋ, ಅವರಿಗೆ ಏನು ದಕ್ಕಿತೋ ಅವನು ಕೇಳಲಿಲ್ಲ. ಲಕ್ಕಮ್ಮ ಕೇಳದೆ ಬಿಡುತ್ತಿರಲಿಲ್ಲ.