80ಜಿ: ದಾನಕ್ಕಲ್ಲ, ದಾನಿಯ ಆದಾಯಕ್ಕೆ ಬೆಲೆ

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಪ್ರತಿವರ್ಷ ಒಂದು ಅನಾಥಾಲಯಕ್ಕೆ 5,000 ರೂಪಾಯಿ ಕೊಡುತ್ತಾರೆ. ಜುಲೈನಲ್ಲಿ ರಿಟರ್ನ್ಸ್ ತುಂಬಲು ಬಂದಾಗ ರಸೀದಿಯನ್ನು ಪ್ಲಾಸ್ಟಿಕ್ ಕವರಿನಿಂದ ಜೋಪಾನವಾಗಿ ತೆಗೆದು ಮೇಜಿನ ಮೇಲಿಟ್ಟರು. "ಇದು ಬೇಕಾಗಲ್ಲ ಮೇಷ್ಟ್ರೇ, ಹೊಸ ಪದ್ಧತಿಯಲ್ಲಿ ನಿಮಗೆ ತೆರಿಗೆಯೇ ಬರಲ್ಲ" ಎಂದೆ. ಅವರಿಗೆ ಬೇಸರವೇನೂ ಆಗಲಿಲ್ಲ. ನನಗಾಯಿತು.

ದಾನಕ್ಕೆ ತೆರಿಗೆ ವಿನಾಯಿತಿ ಕೊಡುವ 80ಜಿ ಸೆಕ್ಷನ್ ಆದಾಯ ತೆರಿಗೆ ಕಾಯ್ದೆಗೆ ಸೇರಿದ್ದು 1967ರಲ್ಲಿ. ದಾನಕ್ಕೆ ಸರ್ಕಾರವೂ ಕೈಜೋಡಿಸಲಿ ಎಂಬ ಆಶಯ ಒಳ್ಳೆಯದೇ. ಲೆಕ್ಕ ಹಾಕಿ ನೋಡಿದರೆ ಮಾತ್ರ ಮನಸ್ಸು ಒಪ್ಪುವುದಿಲ್ಲ. ಸಾಮಾನ್ಯ ಸೇವಾಸಂಸ್ಥೆಗೆ 10,000 ಕೊಟ್ಟರೆ ಅರ್ಧಕ್ಕೆ ಮಾತ್ರ ವಿನಾಯಿತಿ. ಶೇ 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ, ಸೆಸ್ ಬಿಟ್ಟು, 1,500 ಉಳಿಯುತ್ತದೆ. ಶೇ 5ರವರಿಗೆ 250. ತೆರಿಗೆ ಮಿತಿಯೊಳಗಿನ ಮೇಷ್ಟ್ರಂಥವರಿಗೆ ಸೊನ್ನೆ. ಮಕ್ಕಳ ತಟ್ಟೆಗೆ ಬೀಳುವ ಅನ್ನ ಮಾತ್ರ ಮೂವರದ್ದೂ ಒಂದೇ.

ಅದೇ 10,000ವನ್ನು ರಾಜಕೀಯ ಪಕ್ಷಕ್ಕೆ ಕೊಟ್ಟರೆ ಪೂರ್ತಿ ಮೊತ್ತಕ್ಕೆ ವಿನಾಯಿತಿ. ಶೇ 30ರವರಿಗೆ ಉಳಿತಾಯ 3,000. ಅನಾಥಾಲಯಕ್ಕಿಂತ ಪಕ್ಷದ ಕಚೇರಿಗೆ ಎರಡು ಪಟ್ಟು ಮನ್ನಣೆ ಏಕೆ? ಈ ಪ್ರಶ್ನೆಗೆ ಸಮಾಧಾನಕರ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ವಸ್ತುರೂಪದ ದಾನಕ್ಕಂತೂ ಇಲ್ಲಿ ಜಾಗವೇ ಇಲ್ಲ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ಜನ ಅಕ್ಕಿ, ರೊಟ್ಟಿ, ಕಂಬಳಿ ಹೊತ್ತು ಹೋದರು. 80ಜಿ ಲೆಕ್ಕದಲ್ಲಿ ಅದ್ಯಾವುದೂ ದಾನವಲ್ಲ. ನಗದು ಕೊಟ್ಟರೂ 2,000 ದಾಟಿದರೆ ವಿನಾಯಿತಿ ಇಲ್ಲ.

ಒಂದು ಸುಧಾರಣೆಯನ್ನು ಮನಸಾರೆ ಒಪ್ಪುತ್ತೇನೆ. ಈಗ ಸಂಸ್ಥೆಯೇ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಕಮಿಷನ್ ಪಡೆದು ನಕಲಿ ರಸೀದಿ ಹರಿಯುತ್ತಿದ್ದವರಿಗೆ ಇದರಿಂದ ಕಡಿವಾಣ ಬಿದ್ದಿದೆ. ಆದರೆ 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಮೊದಲ ಆಯ್ಕೆ. ಅದರಲ್ಲಿ 80ಜಿ ಇಲ್ಲ. ದಾರಿ ಚೊಕ್ಕಟ ಮಾಡಿ ಬಾಗಿಲು ಹಾಕಿದಂತಾಯಿತು.

ಬ್ರಿಟನ್ನಿನಲ್ಲಿ 1990ರಿಂದ ಗಿಫ್ಟ್ ಏಡ್ ಇದೆ. ದಾನಿ 100 ಪೌಂಡ್ ಕೊಟ್ಟರೆ ಸರ್ಕಾರ 25 ಪೌಂಡ್ ಸೇರಿಸಿ ನೇರವಾಗಿ ಸಂಸ್ಥೆಗೇ ಕೊಡುತ್ತದೆ. ಹೆಚ್ಚು ದರದಲ್ಲಿ ತೆರಿಗೆ ಕಟ್ಟುವವರಿಗೆ ಅಲ್ಲೂ ಮೇಲೊಂದಿಷ್ಟು ಲಾಭವಿದೆ, ದಾನಿ ತೆರಿಗೆ ಕಟ್ಟಿರಲೇಬೇಕೆಂಬ ಷರತ್ತೂ ಇದೆ. ಆ ಎರಡನ್ನೂ ಬಿಟ್ಟು ತಿರುಳನ್ನಷ್ಟೇ ನಾವು ತೆಗೆದುಕೊಳ್ಳಬಹುದು. ದಾನಿಗಳ ಪಟ್ಟಿ ಹೇಗೂ ಇಲಾಖೆಯ ಕೈಯಲ್ಲೇ ಇದೆ. ಮೇಷ್ಟ್ರ 5,000ಕ್ಕೆ ಸರ್ಕಾರ ತನ್ನ ಪಾಲು ಸೇರಿಸಿ, ಅದನ್ನು ಆ ಅನಾಥಾಲಯದ ಖಾತೆಗೇ ಹಾಕಲಿ.